ಕವಿಯ ಕೊರಳಿಗೆ ಹಾರ

ಊರೇ ಕೈಬಿಟ್ಟ ಕವಿ ತಾನು ಬರೆದ ಹಾಳೆಗಳನ್ನು ಒಲೆಗೆ ಹಾಕಲು ಬಗ್ಗಿದ್ದ. ನಾನು ಸೀದಾ ಸ್ಟೇಜ್ ಹತ್ತಿ ಅವನ ಕೊರಳಿಗೆ ಹಾರ ಹಾಕಿದೆ.

ಕವಿಯ ಪಾತ್ರ ಮಾಡಿದ್ದವನು ನನ್ನ ತಂಗಿ ಮಗ. ರಾಮನಗರದಲ್ಲಿ ಅವನಿಗೆ ಮುಖ್ಯ ಪಾತ್ರ ಸಿಕ್ಕಿದ್ದು ಅದೇ ಮೊದಲು. ನಮ್ಮ ಕೂಟಗಲ್ ಕಡೆ ಪೌರಾಣಿಕ ನಾಟಕದಲ್ಲಿ ಪಾತ್ರಧಾರಿ ಚೆನ್ನಾಗಿ ಮಾಡಿದರೆ ಆಟದ ನಡುವೆಯೇ ಹೋಗಿ ಹಾರ ಹಾಕುವುದು ರೂಢಿ. ರೇಷ್ಮೆಗೂಡಿನ ವ್ಯಾಪಾರಿ ನಾನು. ಹೂವಿನವಳ ಹತ್ತಿರ ಚೌಕಾಸಿ ಮಾಡಿ ದೊಡ್ಡ ಹಾರವನ್ನೇ ತಂದಿದ್ದೆ. ನನ್ನನ್ನು ನೋಡಿ, ಜೊತೆಗೆ ಬಂದಿದ್ದ ನಮ್ಮೂರಿನವರು ಇನ್ನೂ ಕೆಲವರು ಹಾರ ಹಿಡಿದು ಹತ್ತಿದರು. ಮುಂದಿನ ಸಾಲಿನವರು "ಇಳೀರಿ" ಅಂದರು, ಹಿಂದಿನವರು ಶಿಳ್ಳೆ ಹೊಡೆದರು.

ನಾವು ಇಳಿದ ಮೇಲೆ, ಗಲ್ಲದವರೆಗೂ ಹೂವು ಹೊತ್ತಿದ್ದ ಹುಡುಗ ಮುಂದಿನ ಮಾತು ಹೇಳಲೇಬೇಕಾಯಿತು: "ಈ ಊರಲ್ಲಿ ನನಗೆ ಯಾರೂ ಇಲ್ಲ."

ಸಭೆ ನಕ್ಕಿತು. ನಮ್ಮೂರಿನ ಅಜ್ಜಿಯೊಬ್ಬರು ಮಾತ್ರ ನಗದೆ, "ನಾವೆಲ್ಲ ಇಲ್ವೇನ್ಲಾ ಮಗ? ಅದ್ನ ಸುಡಬ್ಯಾಡ ಕಣ್ಲಾ" ಅಂದರು.

ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಹಾಳೆ ಸುಡುವುದನ್ನೇ ಮರೆತ. ನಗುತ್ತಿದ್ದವರೂ ಸುಮ್ಮನಾದರು.

ನಾಟಕ ಮುಗಿದ ಮೇಲೆ ಕೇಳಿದೆ: "ನಾನು ಕೆಡಿಸ್ಬುಟ್ನೇನ್ಲಾ?"

"ಗೊತ್ತಾಗ್ತಿಲ್ಲ ಮಾವ. ಅಲ್ಲಿ ಅಳೋದು ಇರಲೇ ಇಲ್ಲ" ಅಂದ.

ಮಾರ್ಕೆಟ್ಟಿನಲ್ಲಿ ಯಾವಾಗ ಬಾಯಿ ಬಿಡಬೇಕು, ಯಾವಾಗ ಸುಮ್ಮನಿರಬೇಕು ಎಂದು ಎಲ್ಲರಿಗೂ ಹೇಳಿಕೊಡುವವನು ನಾನು. ಬರುವ ವಾರ ಚನ್ನಪಟ್ಟಣದಲ್ಲಿ ಅದೇ ನಾಟಕವಿದೆ. ಹಾರ ಕಟ್ಟಲೇ ಎಂದು ಹೂವಿನವಳು ಕೇಳುತ್ತಿದ್ದಾಳೆ. ಏನು ಹೇಳಬೇಕೋ ಇನ್ನೂ ಹೊಳೆದಿಲ್ಲ.