ಗೋಡೆ ನೆಕ್ಕುವ ಚಿತ್ತಯ್ಯ

ಮಾಡದಕೆರೆ ಕಡೆಯ ಆ ಪುಟ್ಟ ಹಳ್ಳಿಯಲ್ಲಿ ಸುಣ್ಣದಕಲ್ಲಿನ ಗಣಿ ತೊಂಬತ್ತೆಂಟರಲ್ಲಿ ಮುಚ್ಚಿತು, ಅದರ ಚರಿತ್ರೆ ಮಾತ್ರ ಚಿತ್ತಯ್ಯನ ನಾಲಿಗೆಯ ಮೇಲೆ ಉಳಿಯಿತು. ಹಳೆಯ ಗಾರೆ ಗೋಡೆ ಕಂಡರೆ ಸಾಕು, ಅವನು ರುಮಾಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ ಒಂದು ಸಲ ನೆಕ್ಕಿ, “ಇದು ಮೂಡ್ಲ ಗುಂಡಿ ಕಲ್ಲು, ಎಂಬತ್ತೊಂದನೇ ಇಸವೀದು, ಒಡೆದೋನು ದಯಾನಂದನ ಅಪ್ಪ” ಎಂದು ತೀರ್ಪು ಕೊಡುತ್ತಿದ್ದ. ಹೊಸದುರ್ಗದಿಂದ ಹೊಳಲ್ಕೆರೆಯವರೆಗೆ ಅವನು ನೆಕ್ಕಿದ ಗೋಡೆಗಳೆಲ್ಲ ಅರ್ಧ ಇಂಚು ತೆಳ್ಳಗಾಗಿ, ಒಳಗಿನ ಜಗಳ ಬೀದಿಗೆ ಕೇಳುತ್ತಿತ್ತು. ಮಗಳಿಗೆ ಗಂಡು ನೋಡಲು ಹೋದಾಗಲೂ ಗೋಡೆಯ ರುಚಿ ನೋಡಿಯೇ ಉಪ್ಪಿಟ್ಟು ಮುಟ್ಟಿದ. “ಏನಪ್ಪ ಚಿತ್ತಯ್ಯ, ನಮ್ಮ ಎಮ್ಮೇನೂ ಹಿಂಗೆ ನೆಕ್ಕಲ್ಲ” ಎಂದು ಯಾರಾದರೂ ಛೇಡಿಸಿದರೆ, “ನಿಮ್ಮ ಎಮ್ಮೆ ಇಸವಿ ಹೇಳ್ತೈತೇನಲೇ?” ಎನ್ನುತ್ತಿದ್ದ. ಹೀಗಿರಲು ಒಂದು ದಿನ ಹೆಂಡತಿ ಓಬವ್ವ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಚಿತ್ತಯ್ಯ ಹೊಗಳಿ ಹೊಗಳಿ ಎರಡು ಸಲ ಬಡಿಸಿಕೊಂಡ. ಸಪ್ಪೆ ಸಾರಿನ ರುಚಿ ನೋಡಿದ ಅವಳು ಗಂಡನನ್ನು ದಿಟ್ಟಿಸಿದಳು. ಚಿತ್ತಯ್ಯ ದನಿ ತಗ್ಗಿಸಿ, “ಸುಣ್ಣಕ್ಕೆ ಸುಟ್ಟು ನಾಲಿಗೆ ಸತ್ತು ಹತ್ತು ವರ್ಸ ಆತು ಕಣೇ, ಯಾರಿಗೂ ಹೇಳಬ್ಯಾಡ. ಆ ಕಲ್ಲೆಲ್ಲ ಗಾಡಿಗೆ ತುಂಬಿದೋನು ನಾನೇ, ಎಲ್ಲಾ ನೆನಪೈತೆ. ಸುಮ್ನೆ ಹೇಳಿದ್ರೆ ಯಾರು ಕೇಳ್ತಾರೆ? ನೆಕ್ಕಿದ್ರೆ ನಿಂತು ಕೇಳ್ತಾರೆ, ಒಡೆದೋರ ಹೆಸ್ರು ಉಳೀತೈತೆ” ಎಂದ. ಮರುದಿನ ಜನ ಸೇರಿದ್ದ ಗೋಡೆಯೊಂದರ ಎದುರು ಓಬವ್ವನೇ ಮುಂದೆ ಬಂದು, ನಗುವವರನ್ನೆಲ್ಲ ಗದರಿಸಿ, ಗಂಡನಿಗೆ ಹೇಳಿದಳು: “ಅವಸರ ಮಾಡಬ್ಯಾಡ್ರಿ. ಇನ್ನೊಂದು ಸಲ ನೆಕ್ಕಿ, ನಮ್ಮಪ್ಪ ಒಡೆದ ಕಲ್ಲೂ ಐತೇನೋ ನೋಡ್ರಿ.”