ಬಾವಿಯ ಮೇಲಿನ ತೆಳು ಜಾಳಿ

ಕುಮಟೆಯಲ್ಲಿ ನನ್ನ ವೆಲ್ಡಿಂಗ್ ಅಂಗಡಿ ಶುರುವಾದ ಹೊಸತು. ಮೊಬೈಲು ಇನ್ನೂ ನಮ್ಮ ಕೈಗೆ ಬಂದಿರಲಿಲ್ಲ. ನಮ್ಮೂರು ಕಾಗಾಲದ ನೆರೆಮನೆಯ ಅಜ್ಜಿ ಬಾವಿಯ ಬಾಯಿ ಮುಚ್ಚಲು ಕಬ್ಬಿಣದ ಜಾಳಿ ಬೇಕೆಂದಳು. "ಒಂದೇ ಕೈಲಿ ಎತ್ತುಕೆ ಬರ್ಬೇಕು ನೋಡು, ಇನ್ನೊಂದ್ರಲ್ಲಿ ಕೊಡಪಾನ ಇರ್ತದೆ."

ದಿನವೂ ನೀರು ಸೇದುವವಳ ಮಾತು, ಎದುರಾಡಲಿಲ್ಲ. ತೆಳು ಸರಳುಗಳ ಎರಡು ಪದರ ಮಾಡಿ, ನಡುವಿನ ಗೇಣು ಜಾಗದಲ್ಲಿ ಸಣ್ಣ ಸರಳುಗಳನ್ನು ಅಂಕುಡೊಂಕಾಗಿ ಬೆಸೆದುಕೊಟ್ಟೆ. ಹೂಬುಟ್ಟಿಯಷ್ಟು ಹಗುರವಾಗಿತ್ತು.

ಬಾವಿಯ ಪಕ್ಕದಲ್ಲೇ ತೆಂಗಿನಮರ. ಕಾಯಿ ಬಿದ್ದಾಗಲೆಲ್ಲ ಜಾಳಿ ಅಲ್ಲಲ್ಲಿ ತಗ್ಗುತ್ತಿತ್ತು, ನೀರಿಗೆ ಬಂದವರು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಡೆಗೆ ಯಾರೂ ಕೇಳದಿದ್ದರೂ ಹೆಬ್ಬೆರಳ ಗಾತ್ರದ ಸರಳಿನ ಹೊಸ ಜಾಳಿ ಮಾಡಿದೆ. ಊರಿಗೆಲ್ಲ ತೆಂಗಿನಕಾಯಿ ಕೊಯ್ದುಕೊಡುತ್ತಿದ್ದ ನನ್ನ ತಮ್ಮನ ಜೊತೆ ಒಂದು ಬೆಳಿಗ್ಗೆ ಅದನ್ನು ಹೊತ್ತು ತಂದೆ.

"ಹಳೇದು ತೆಗೀತೆ ಅಜ್ಜಿ."

"ತಡಿಯಾ, ಎಂತ ಅವಸರ? ಮೊದ್ಲು ಇವ ಕಾಯಿ ಇಳಿಸ್ಲಿ. ಹೊಸದ್ರ ಮೇಲೆ ಬೀಳುದು ಬೇಡ."

"ಇದ್ರ ಮೇಲೆ ಆನೆ ಬಿದ್ರೂ ಎಂತ ಆಗುದಿಲ್ಲ" ಎಂದು ಸಿಡುಕಿ, ಹೊಸ ಜಾಳಿಯನ್ನು ಗೋಡೆಗೆ ಒರಗಿಸಿ ಬೀಡಿ ಹಚ್ಚಿದೆ.

ನನ್ನ ತಮ್ಮ ಮರ ಹತ್ತಿ ಅರ್ಧಕ್ಕೆ ಹೋಗಿದ್ದನೇನೋ, ಕಾಲು ಜಾರಿತು. ಕೂಗಲೂ ಇಲ್ಲ. ಹಳೆಯ ಜಾಳಿಯ ಮೇಲೆ ಅಂಗಾತ ಬಿದ್ದ. ಸರಳುಗಳು ಕರಕರ ಎನ್ನುತ್ತ ಒಂದಾದ ಮೇಲೊಂದು ಮಡಚಿಕೊಂಡವು. ಎರಡೂ ಪದರ ಒಂದಾಗಿ ಒಳಕ್ಕೆ ಕುಸಿದು, ಬಾವಿಯ ಬಾಯಲ್ಲೇ ನಿಂತವು. ಅವನು ಆ ಗುಂಡಿಯಲ್ಲಿ ಅಲುಗಾಡದೆ ಬಿದ್ದಿದ್ದ. ನಾನು ಬೀಡಿ ಹಿಡಿದು ನಿಂತೇ ಇದ್ದೆ. ಎಪ್ಪತ್ತು ದಾಟಿದ ಅಜ್ಜಿಯೇ ಓಡಿದಳು.

"ಉಸ್ರು ಅದೆ. ಬಾರೋ ಇಲ್ಲಿ, ಎಂತ ನೋಡ್ತೆ?"

ಆಸ್ಪತ್ರೆಯಲ್ಲಿ ಡಾಕ್ಟರು, ಎರಡು ಪಕ್ಕೆಲುಬು ಮುರಿದಿವೆ, ಬೆನ್ನುಮೂಳೆಗೆ ಏನೂ ಆಗಿಲ್ಲ ಎಂದರು. ಯಾವುದರ ಮೇಲೆ ಬಿದ್ದ ಎಂದು ಕೇಳಿದರು. ಹೇಳಿದೆ.

"ಅದು ಮಡಚಿಕೊಂಡು ಪೆಟ್ಟೆಲ್ಲ ತಾನೇ ತಿಂದಿದೆ. ಬಾಗದ ಕಬ್ಬಿಣವಾಗಿದ್ದರೆ ಇವನು ಉಳಿಯುತ್ತಿರಲಿಲ್ಲ."

ಗೋಡೆಗೆ ಒರಗಿಸಿ ಬಂದ ಹೊಸ ಜಾಳಿ ಕಣ್ಣಮುಂದೆ ನಿಂತಿತು. ಅಜ್ಜಿ ತಡೆಯದಿದ್ದರೆ ಅದನ್ನು ನಾನೇ, ಈ ಕೈಯಾರೆ, ಅವನ ಕೆಳಗೆ ಇಟ್ಟಿರುತ್ತಿದ್ದೆ. ಬಾಗುವುದು ನನ್ನ ಕೆಲಸದ ದೋಷವೆಂದೇ ತಿಳಿದಿದ್ದೆನಲ್ಲ.

ಸಂಜೆ ತಮ್ಮ ಕಣ್ಣು ಬಿಟ್ಟ. ಆ ನೋವಿನಲ್ಲೂ ನನ್ನನ್ನು ಛೇಡಿಸಿದ.

"ಅಣ್ಣ, ನಿನ್ನ ಹಳೇದು ಪೂರ್ತಿ ಹಾಳಾತು. ಹೊಸದು ಹಾಕಿ ಆತಾ?"

ನಾನು ಅವನ ಕಾಲು ಹಿಡಿದು ಅತ್ತುಬಿಟ್ಟೆ. ಯಾಕೆಂದು ಅವನಿಗೆ ಅರ್ಥವಾಗಲಿಲ್ಲ.