ಬಸಣ್ಣನ ಎಡಗಾಲಿನ ಮೇಲೆ ಹೊರಿಸಿದ್ದು

ನಿಮ್ಮ ಕಾಲು ಸರಿಯಾಗಿಯೇ ಇತ್ತು ಬಸಣ್ಣ. ಜೀಪಿನ ಕ್ಲಚ್ ಸುಟ್ಟದ್ದು ನಾನು ಆರಿಸಿ ಹಾಕಿದ ಪ್ಲೇಟಿನಿಂದ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ಆರು ವರ್ಷವಾಯಿತು. ಎಷ್ಟು ಸಲ ಬಾಯಿತನಕ ಬಂದದ್ದನ್ನು ನುಂಗಿಕೊಂಡೆನೋ — ಈಗ ನುಂಗಿ ನುಂಗಿ ಸಾಕಾಗಿದೆ.

ನಿಮ್ಮ ಬಗ್ಗೆ ನಿಮಗೇ ಹೇಳುವುದು ವಿಚಿತ್ರ, ಆದರೂ ಹೇಳಬೇಕು. ನಾನು ಹಾಳುಮಾಡಿದ್ದು ಏನನ್ನು ಎಂದು ತಿಳಿಯಬೇಕಲ್ಲ. ಸೊರಬದಿಂದ ಚಂದ್ರಗುತ್ತಿಗೆ ಮೂವತ್ತು ವರ್ಷ ಜೀಪು ಹೊಡೆದವರು ನೀವು. ಹೆರಿಗೆ ನೋವು ಶುರುವಾದರೆ ಮನೆಮುಂದೆ ಬೇರೆ ಗಾಡಿ ನಿಂತಿದ್ದರೂ ಜನ ನಿಮ್ಮನ್ನೇ ಕೂಗುತ್ತಿದ್ದರು, ಬಸಣ್ಣನ ಗಾಡಿಯಲ್ಲಿ ಮೈ ಅಲುಗುವುದಿಲ್ಲ ಎಂದು. ಶಿಕಾರಿಪುರದ ನನ್ನ ಗ್ಯಾರೇಜಿನಲ್ಲಿ ನಾನೇ ಬೇರೆ ಡ್ರೈವರುಗಳಿಗೆ ನಿಮ್ಮ ಹೆಸರು ಹೇಳಿ ಬುದ್ಧಿ ಹೇಳುತ್ತಿದ್ದೆ.

ಹಳೆಯ ಗೇರ್‌ಬಾಕ್ಸ್ ಸವೆದಾಗ, ಬೇರೊಂದು ಗಾಡಿಯ ಐದು ಗೇರಿನ ಬಾಕ್ಸ್ ಕೂರಿಸೋಣ ಎಂದು ನಿಮ್ಮನ್ನು ಒಪ್ಪಿಸಿದ್ದೂ ನಾನೇ. ನಮ್ಮೂರಿನಲ್ಲಿ ಅಂಥ ಕೆಲಸ ಯಾರೂ ಮಾಡಿರಲಿಲ್ಲ. ನೋಡಲು ಬಂದವರಿಗೆಲ್ಲ ಮೂರೇ ದಿನ ಎಂದು ಹೇಳಿಕೊಂಡುಬಿಟ್ಟಿದ್ದೆ. ಬಾಕ್ಸ್ ಚೆನ್ನಾಗಿಯೇ ಕೂತಿತು. ತಕರಾರು ಬಂದದ್ದು ಕ್ಲಚ್ ಪ್ಲೇಟಿನಲ್ಲಿ. ಜೀಪಿನ ಪ್ಲೇಟು ಅಗಲದಲ್ಲಿ ಸರಿ, ಆದರೆ ಅದರ ನಡುವಿನ ಹಲ್ಲು ಹೊಸ ಬಾಕ್ಸಿನ ಶಾಫ್ಟಿಗೆ ಕೂಡುತ್ತಿರಲಿಲ್ಲ. ಹಲ್ಲು ಕೂಡುವ ಪ್ಲೇಟೊಂದು ಅಂಗಡಿಯಲ್ಲಿ ಸಿಕ್ಕಿತು — ಬೇರೆ ಕಂಪನಿಯದು, ಸಣ್ಣ ಕಾರಿಗೆಂದು ಮಾಡಿದ್ದು, ಅಗಲದಲ್ಲಿ ಎರಡು ಬೆರಳು ಕಡಿಮೆ; ತುಂಬಿದ ಜೀಪನ್ನು ಏರು ಹತ್ತಿಸುವಷ್ಟು ಹಿಡಿತ ಅದಕ್ಕಿರಲಿಲ್ಲ. ಎರಡೂ ಹೊಂದುವಂಥದ್ದನ್ನು ಶಿವಮೊಗ್ಗದಲ್ಲಿ ಹೇಳಿ ಮಾಡಿಸಬೇಕಿತ್ತು.

“ಒಂದ್ ವಾರ ತಡ ಆದ್ರೂ ಅಡ್ಡಿಲ್ಲ ಮೇಸ್ತ್ರಿ. ಗುಡ್ಡ ಹತ್ತೋ ಗಾಡಿ ಇದು” ಅಂದಿದ್ದಿರಿ ನೀವು. ನಿಮಗೆ ಅವಸರವಿರಲಿಲ್ಲ. ಅವಸರ ಇದ್ದದ್ದು ನನಗೆ, ಅದೂ ನಾಲ್ಕು ಜನರ ಮುಂದೆ ಆಡಿದ ಮಾತಿಗಾಗಿ. ನಿಮಗೆ ಹೇಳದೆ ಸಣ್ಣ ಪ್ಲೇಟನ್ನೇ ಹಾಕಿದೆ. ಆನವಟ್ಟಿವರೆಗೆ ಓಡಿಸಿ ನೋಡಿದೆ. ಸಮದಾರಿ, ಖಾಲಿ ಗಾಡಿ, ಯಾವ ತೊಂದರೆಯೂ ಕಾಣಲಿಲ್ಲ. ಕಾಣಬಾರದು ಎಂದೇ ಆ ದಾರಿಯಲ್ಲಿ ಹೋದೆನೋ ಏನೋ.

ಎರಡು ತಿಂಗಳಿಗೆ, ಗಾಡಿ ತುಂಬ ಜನರಿದ್ದಾಗ, ಚಂದ್ರಗುತ್ತಿಯ ಏರಿನಲ್ಲಿ ಇಂಜಿನ್ ಒದರಿತು, ಜೀಪು ಮಾತ್ರ ಮುಂದೆ ಹೋಗಲಿಲ್ಲ. ಜನ ಇಳಿದು ಗಂಟುಮೂಟೆ ಹೊತ್ತು ನಡೆದರು. ಅಷ್ಟು ವರ್ಷದಲ್ಲಿ ನಿಮ್ಮ ಗಾಡಿಯಿಂದ ಜನ ಹಾಗೆ ಇಳಿದು ನಡೆದದ್ದು ಅದೇ ಮೊದಲು.

ಗಾಡಿಯನ್ನು ಎಳೆಸಿಕೊಂಡು ನನ್ನಲ್ಲಿಗೆ ತಂದಿರಿ. ನೀವು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ನಾನು ಬಿಚ್ಚಿ ನೋಡಿದೆ. ಪ್ಲೇಟು ಕರಕಲಾಗಿತ್ತು. ಅದು ಒತ್ತಿಕೊಳ್ಳುವ ಫ್ಲೈವೀಲಿನ ಅಂಚಿನಲ್ಲಿ ಬೆರಳಗಲದ ಒಂದು ಸುತ್ತು ಮಾತ್ರ ಜೋಡಿಸಿದ ದಿನ ಇದ್ದ ಹಾಗೆಯೇ ಮಂಕಾಗಿತ್ತು. ಅಲ್ಲಿಗೆ ಪ್ಲೇಟು ಮುಟ್ಟಿಯೇ ಇರಲಿಲ್ಲ. ನೀವು ನೋಡಿದ್ದರೆ ಪ್ಲೇಟು ಸಣ್ಣದೆಂದು ನಿಮಗೂ ತಿಳಿಯುತ್ತಿತ್ತು. ಎಮರಿ ಪೇಪರ್ ತೆಗೆದುಕೊಂಡು ಆ ಸುತ್ತನ್ನು ತಿಕ್ಕಿದೆ, ಎಲ್ಲ ಒಂದೇ ಬಣ್ಣಕ್ಕೆ ಬರುವವರೆಗೆ. ತಿಕ್ಕುವಾಗ ಸುಳ್ಳು ಹೇಳಬೇಕೆಂದು ಇನ್ನೂ ನಿರ್ಧರಿಸಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ — ಇಲ್ಲ, ಬಿಡಿ. ನಿರ್ಧರಿಸಿದ್ದೆ.

ನೀವು ಮುಖ ಒರೆಸಿಕೊಳ್ಳುತ್ತ ಬಂದಿರಿ.

“ಹಾಫ್ ಕ್ಲಚ್ ಅಣ್ಣ” ಅಂದೆ. “ಕಾಲು ಪೆಡಲ್ ಮ್ಯಾಲೇ ಇಟ್ಕಂಡು ಓಡಿಸ್ತೀರಿ. ವಯಸ್ಸಾತಲ್ರೀ, ನಿಮಗೆ ಗೊತ್ತಾಗಂಗಿಲ್ಲ.”

ಯಾರ ಕ್ಲಚ್ ಸುಟ್ಟರೂ ನಾವು ಮೇಸ್ತ್ರಿಗಳು ಮೊದಲು ಹೇಳುವ ಮಾತೇ ಅದು. ಡ್ರೈವರು ರೇಗುತ್ತಾನೆ, ನಾವೂ ರೇಗುತ್ತೇವೆ, ಆಮೇಲೆ ಒಟ್ಟಿಗೆ ಚಹಾ ಕುಡಿಯುತ್ತೇವೆ. ನೀವೂ ಜಗಳಕ್ಕೆ ಬರುತ್ತೀರಿ ಎಂದುಕೊಂಡಿದ್ದೆ. ನೀವು ತಲೆ ತಗ್ಗಿಸಿ ನಿಮ್ಮ ಎಡಗಾಲನ್ನು ನೋಡಿಕೊಂಡಿರಿ.

“ಹೌದಾ? ನಂಗೆ ತಿಳೀಲೇ ಇಲ್ಲ ನೋಡಿ” ಅಂದಿರಿ.

ಒಂದು ಬೈಗುಳ ಬೈದಿದ್ದರೆ ನಾನು — ನೋಡಿ, ಮತ್ತೆ ನಿಮ್ಮ ಮೇಲೆಯೇ ಹಾಕಲು ಹೊರಟೆ.

ಆಮೇಲೆ ಸರಿಯಾದ ಪ್ಲೇಟನ್ನು ಮಾಡಿಸಿ ತಂದು, ಯಾರಿಗೂ ಹೇಳದೆ ಹಾಕಿದೆ. ಅಷ್ಟರಲ್ಲಿ ನೀವು ಜೀಪನ್ನು ನಿಮ್ಮ ಅಣ್ಣನ ಮಗ ಮಂಜುನಾಥನ ಕೈಗೆ ಕೊಟ್ಟಾಗಿತ್ತು. ಅದೇ ಏರು, ಅಷ್ಟೇ ಜನ, ಗಾಡಿ ಸಲೀಸಾಗಿ ಹತ್ತಿತು. ಸೊರಬದ ಸ್ಟ್ಯಾಂಡಿನಲ್ಲಿ ಎಲ್ಲರೂ ಅದನ್ನೇ ಆಡಿಕೊಂಡರು: ಗಾಡಿ ಸರಿಯಾಗೇ ಇತ್ತು, ಕೆಟ್ಟಿದ್ದು ಬಸಣ್ಣನ ಕಾಲು. ನಾನು ಮಾಡಿದ ಒಳ್ಳೆಯ ಕೆಲಸವೇ ನನ್ನ ಸುಳ್ಳಿಗೆ ಸಾಕ್ಷಿ ಹೇಳಿತು.

ನೀವು ಬಸ್ಸು ಹತ್ತಿ ಶಿಕಾರಿಪುರಕ್ಕೆ ಬಂದಿರಿ, ಬೇರೆ ಕೆಲಸವೇನೂ ಇಲ್ಲದೆ, ನನಗೆ ಹೇಳಲೆಂದೇ. “ಒಳ್ಳೇದ್ ಮಾಡಿದ್ರಿ ಮೇಸ್ತ್ರಿ. ನೀವು ಹೇಳ್ದೇ ಇದ್ದಿದ್ರೆ ಯಾರನ್ನಾದ್ರೂ ಗುಂಡಿಗೆ ಹಾಕ್ಬಿಡ್ತಿದ್ದೆ.” ಹಾಗೆಂದು ಕೈ ಮುಗಿದಿರಿ. ನಾನೂ ಮುಗಿದೆ. ಛೀ, ಎಂಥ ಮನುಷ್ಯ ನಾನು.

ಹೋದ ವಾರ ನಿಮ್ಮ ಮಗಳು ಶೈಲಾ ಹೊಸ ಕಾರು ತೆಗೆದುಕೊಂಡು ಗ್ಯಾರೇಜಿಗೆ ಬಂದಿದ್ದಳು. ಕ್ಲಚ್ ಇಲ್ಲದ, ಎಡಗಾಲಿಗೆ ಕೆಲಸವೇ ಇಲ್ಲದ ಕಾರು. ನಿಮಗಾಗಿಯೇ ಹುಡುಕಿ ಕೊಂಡದ್ದಂತೆ. “ಅಪ್ಪ ಸ್ಟೀರಿಂಗ್ ಮುಟ್ಟಲ್ಲ ಅಂತಾರಣ್ಣ. ಮೇಸ್ತ್ರಿ ಅವತ್ತೇ ಹೇಳಿದಾರೆ, ನನ್ ಕಾಲು ಹೋಗಿದೆ ಅಂತಾರೆ. ನಿಮ್ಮ ಮಾತಾದ್ರೆ ಕೇಳ್ತಾರೆ, ಒಂದು ಮಾತು ಹೇಳಿ” ಎಂದಳು.

ಎಷ್ಟು ಸುಲಭವಾಗಿತ್ತು ಗೊತ್ತೇ ಬಸಣ್ಣ. ಇದಕ್ಕೆ ಕ್ಲಚ್ಚೇ ಇಲ್ಲ, ಧೈರ್ಯವಾಗಿ ಓಡಿಸಿ ಎಂದು ಫೋನಿನಲ್ಲಿ ಹೇಳಿದ್ದರೆ ಸಾಕಿತ್ತು. ನೀವು ಓಡಿಸುತ್ತಿದ್ದಿರಿ, ಮಗಳಿಗೆ ಸಂತೋಷವಾಗುತ್ತಿತ್ತು, ನಾನೂ ಉಳಿದುಕೊಳ್ಳುತ್ತಿದ್ದೆ. ನಿಮ್ಮ ನಂಬರು ಒತ್ತಿಯೂ ಇದ್ದೆ. ರಿಂಗ್ ಆಗುವ ಮೊದಲೇ ಇಟ್ಟುಬಿಟ್ಟೆ. ಹಾಗೆ ಹೇಳಿದ್ದರೆ, ಕಾಲು ಕೆಟ್ಟಿದೆ ಎಂದು ನಂಬಿಕೊಂಡೇ ನೀವು ಆ ಕಾರಿನಲ್ಲಿ ಕೂರುತ್ತಿದ್ದಿರಿ.

ಭಾನುವಾರ ಬೆಳಿಗ್ಗೆ ಸೊರಬಕ್ಕೆ ಬರುತ್ತೇನೆ. ಇದನ್ನು ಮನೆಯೊಳಗೆ ಕೂತು ನಿಮ್ಮೊಬ್ಬರ ಕಿವಿಗೆ ಹೇಳಿ ಹೋಗುವುದಿಲ್ಲ. ಸ್ಟ್ಯಾಂಡಿನಲ್ಲಿ, ಮಂಜುನಾಥನೂ ಉಳಿದ ಡ್ರೈವರುಗಳೂ ಇರುವಾಗ, ನಿಮ್ಮನ್ನು ಆಡಿಕೊಂಡ ಜಾಗದಲ್ಲೇ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಮಾತಾಡದೆ ಎದ್ದು ಹೋದರೆ ಅದನ್ನೂ ನೋಡಿಕೊಂಡು ನಿಂತಿರುತ್ತೇನೆ. ನೀವು ಓಡಿಸಬಹುದಾಗಿದ್ದ ಆರು ವರ್ಷವನ್ನು ಮಾತ್ರ ನಾನು ವಾಪಸು ಕೊಡಲಾರೆ. ಅದು ಗೊತ್ತಿದ್ದೇ ಬರುತ್ತಿದ್ದೇನೆ.